ಮುತ್ಯಾನ ಚೀಟಿ, ಡಾಕ್ಟರ ಚೀಟಿ

ನನ್ನ ಎಡ ಮೊಣಕಾಲು ಮೆಟ್ಟಿಲು ಹತ್ತುವಾಗ ಸುಮ್ಮನಿರುತ್ತದೆ. ಇಳಿಯುವಾಗ ಮಾತ್ರ ಹಪ್ಪಳ ಮುರಿದ ಹಾಗೆ ಕಟಕಟ ಅನ್ನುತ್ತದೆ. ನಾವಿರುವುದು ಎರಡನೇ ಮಹಡಿ. ನಾನು ಕಾಣಿಸುವ ಮೊದಲೇ ಕೆಳಗಿನ ಮನೆಯವರು "ಸಾಹೇಬ್ರು ಬಂದ್ರು" ಅನ್ನುತ್ತಿದ್ದರು.

"ಒಂದ್ ಸಲ ಗಾವಟಿ ಔಷಧ ನೋಡ್ರಲ್ಲ" ಅಂತ ನಮ್ಮ ಮನೆಯವಳು ಗಂಟು ಬಿದ್ದಳು. ಚಿಂಚೋಳಿ ಕಡೆಯ ಮುತ್ಯಾ ಒಬ್ಬರು ಸೋಮವಾರಕ್ಕೊಮ್ಮೆ ಕಲಬುರಗಿಗೆ ಬಂದು, ಶರಣಬಸವೇಶ್ವರ ಗುಡಿಯಲ್ಲಿ ದರ್ಶನ ಮುಗಿಸಿ, ಮಗಳ ಮನೆಯ ಕಟ್ಟೆ ಮೇಲೆ ಕೂತು ಔಷಧ ಕೊಡುತ್ತಾರೆ. ಹೋದೆವು.

ಮುತ್ಯಾ ನಾಡಿ ಹಿಡಿದರು. ನಾಲಿಗೆ ನೋಡಿದರು. ಹಸಿವು, ನಿದ್ದೆ, ಹೊರಕಡೆ, ಎಲ್ಲ ಕೇಳಿದರು. ರಾತ್ರಿ ಎಷ್ಟು ರೊಟ್ಟಿ ಅಂದರು. "ಎರಡು" ಅಂದೆ. ನಮ್ಮ ಮನೆಯವಳು ಕೆಮ್ಮಿದಳು. ಮುತ್ಯಾ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂತ ಬರೆದುಕೊಂಡರು.

ಆಮೇಲೆ, "ತಮ್ಮಾ, ಡಾಕ್ಟರ್ ಗುಳಿಗಿ ಏನರ ತೊಗೊಳ್ಲತ್ತೀಯೇನು?" ಅಂತ ಕೇಳಿದರು.

"ಇಲ್ರೀ ಮುತ್ಯಾ" ಅಂದೆ. ಆ ಹೊತ್ತಿಗೆ ಇವಳು ಚಹಾದ ಕಪ್ಪು ಇಡಲು ಒಳಗೆ ಹೋಗಿದ್ದಳು. ಕೆಮ್ಮುವವರು ಯಾರೂ ಇರಲಿಲ್ಲ.

ಸುಳ್ಳು ಯಾಕೆ ಹೇಳಿದೆ? ಮೂರು ವರ್ಷದಿಂದ ಎರಡು ಥರದ ಸಕ್ಕರೆ ಗುಳಿಗೆ ನುಂಗುತ್ತಿದ್ದೇನೆ. ಅದನ್ನು ಹೇಳಿದರೆ ಮುತ್ಯಾಗೆ ಬೇಜಾರಾಗಬಹುದು ಅನಿಸಿತು. ಕಷಾಯದ ಸುದ್ದಿ ಹೇಳಿದರೆ ಡಾಕ್ಟರು ಬೈಯಬಹುದು ಅನ್ನುವ ಹೆದರಿಕೆ ಬೇರೆ. ಹೀಗೆ ಎರಡು ಮನೆ ಸಂಸಾರ ಶುರುವಾಯಿತು. ಅವರಿಗೆ ಇವರ ಸುದ್ದಿ ಇಲ್ಲ, ಇವರಿಗೆ ಅವರ ಸುದ್ದಿ ಇಲ್ಲ. ನಡುವೆ ನಾನೊಬ್ಬ ಗುಟ್ಟು ಕಾಯುವವ.

ಮುತ್ಯಾ ಕೊಟ್ಟಿದ್ದು ಅಮೃತಬಳ್ಳಿ. ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯೇ ಬೇಕು ಅನ್ನುವುದು ಅವರ ಹಟ. ಮೊದಲು ಕಾಡಿನಿಂದ ತರುತ್ತಿದ್ದರಂತೆ. 2011ರಲ್ಲಿ ಚಿಂಚೋಳಿ ಕಾಡು ವನ್ಯಜೀವಿ ಧಾಮ ಆಯಿತು. ಈಗ ತಮ್ಮ ಹೊಲದ ಬೇವಿನ ಮರಕ್ಕೇ ಬಳ್ಳಿ ಹಬ್ಬಿಸಿದ್ದಾರೆ. ಬೆರಳುದ್ದದ ತುಂಡು ಜಜ್ಜಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯೋತನಕ ಕುದಿಸಿ, ದಿನಾ ಬೆಳಿಗ್ಗೆ ಅರ್ಧ ಲೋಟ. ಜೊತೆಗೆ ಪಥ್ಯ: ಬದನೆಕಾಯಿ ಇಲ್ಲ, ಮೊಸರಿಲ್ಲ, ತೊಗರಿಬೇಳೆ ಇಲ್ಲ. ಕಲಬುರಗಿಯವನಿಗೆ ತೊಗರಿ ಬಿಡು ಅನ್ನುವುದೂ ಒಂದೇ, ಊರು ಬಿಡು ಅನ್ನುವುದೂ ಒಂದೇ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ ಅಂತ ವಾದಿಸಿ ನೋಡಿದೆ. ಮುತ್ಯಾ ಕೇಳಿಸಿಕೊಳ್ಳಲಿಲ್ಲ.

ಮೊದಲ ದಿನ ಕಷಾಯವನ್ನು ಚಹಾ ಸೋಸುವ ಜಾಲರಿಯಲ್ಲೇ ಸೋಸಿದೆ. ಆ ಕಹಿ ಜಾಲರಿಯ ತಂತಿಯೊಳಗೆ ಸೇರಿಕೊಂಡಿತು. ಮೂರು ಸಲ ತೊಳೆದರೂ ಹೋಗಲಿಲ್ಲ. ಸಂಜೆ ಬಂದ ಬೀಗರು ಒಂದು ಗುಟುಕು ಚಹಾ ಕುಡಿದು ಕಪ್ಪನ್ನು ಹಾಗೇ ಕೆಳಗಿಟ್ಟರು. "ಶಾಸಕ್ರು ನಿಮ್ಮ ವಾರ್ಡಿಗಿ ಏನ್ ನೀರ್ ಬಿಡ್ಲತ್ತಾರ?" ಅಂತ ಕೇಳಿದರು. ಮರುದಿನ ನನಗೆ ಅಂತ ಬೇರೆ ಜಾಲರಿ, ಬೇರೆ ಪಾತ್ರೆ, ಬಾಲ್ಕನಿಯಲ್ಲಿ ಬೇರೆ ಒಲೆ ಬಂತು.

ಇಷ್ಟಕ್ಕೇ ನಿಂತಿದ್ದರೆ ಬರೆಯುವಂಥದ್ದೇನೂ ಇರಲಿಲ್ಲ. ಆದರೆ ಕುಂಟುವವನನ್ನು ಕಂಡರೆ ನಮ್ಮೂರಿನವರು ಸುಮ್ನೆ ಬಿಡುವುದಿಲ್ಲ. ಆಳಂದ ಕಡೆಯ ಪಕ್ಕದ ಮನೆಯ ವೈನಿ ಮಹಾರಾಷ್ಟ್ರದ ತವರಿನಿಂದ ಬಿಳಿ ಪುಡಿ ತಂದುಕೊಟ್ಟರು. ಗುಳವೇಲ ಸತ್ವ ಅಂತೆ. ಸೇಡಂನ ಸಹೋದ್ಯೋಗಿ ತಾಂಡೂರಿನಿಂದ ಹಸಿರು ಪುಡಿ ತರಿಸಿದ. ತಿಪ್ಪತೀಗ ಅಂತೆ, ಅವನ ಅತ್ತೆ ಅದನ್ನು ತಗೊಂಡು ಮೆಟ್ಟಿಲು ಓಡಿ ಇಳಿಯುತ್ತಾಳಂತೆ. ಸೂಪರ್ ಮಾರ್ಕೆಟ್ ಕಡೆಯ ಜಡಿಬೂಟಿ ಅಂಗಡಿಯ ಚಾಚಾ ನನ್ನ ನಡಿಗೆ ನೋಡಿಯೇ "ಗಿಲೋಯ್ ಲೇಲೋ ಸಾಬ್" ಅಂತ ರಸದ ಬಾಟಲಿ ಕೈಗಿಟ್ಟರು. ಒಂದು ಬಳ್ಳಿ, ಒಂದು ಬಿಳಿ, ಒಂದು ಹಸಿರು, ಒಂದು ರಸ. ಯಾರ ಮನಸ್ಸೂ ನೋಯಬಾರದು ಅಂತ ನಾಲ್ಕನ್ನೂ ತಗೊಂಡೆ. ಒಬ್ಬರದು ಇನ್ನೊಬ್ಬರಿಗೆ ಹೇಳಲಿಲ್ಲ. ಸಂಸಾರ ಎರಡಿದ್ದದ್ದು ಐದಾಯಿತು.

ಹತ್ತನೇ ದಿನ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ಮೈಯೆಲ್ಲ ಬೆವರು. ಮೇ ತಿಂಗಳ ಕಲಬುರಗಿಯಲ್ಲಿ ಬೆವರನ್ನು ರೋಗ ಅಂತ ಯಾರು ತಿಳಿಯಬೇಕು? ಮುಂದಿನವನೂ ಬೆವರುತ್ತಿದ್ದ, ಹಿಂದಿನವನೂ ಬೆವರುತ್ತಿದ್ದ. ಕೈ ನಡುಗಿ ಚೆಕ್ ಮೇಲೆ ನನ್ನ ಸಹಿ ಉರ್ದುವಿನ ಹಾಗೆ ಬಿತ್ತು. ಆಮೇಲೆ ಗೊತ್ತಾಗಿದ್ದು, ನಾನು ಬೆಂಚಿನ ಮೇಲೆ ಮಲಗಿದ್ದೇನೆ, ಯಾರೋ ಪುಣ್ಯಾತ್ಮರು ಬಾಯಿಗೆ ಸಕ್ಕರೆ ನೀರು ಹಾಕುತ್ತಿದ್ದಾರೆ. ಮೂರು ವರ್ಷದ ಮೇಲೆ ಸಕ್ಕರೆಯ ರುಚಿ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡೇ ಇದ್ದೆ, ಇನ್ನೊಂದು ಲೋಟ ಬರಲಿ ಅಂತ.

ದವಾಖಾನೆಯಲ್ಲಿ ನೋಡಿದಾಗ ಸಕ್ಕರೆ 58. 70ಕ್ಕಿಂತ ಕೆಳಗೆ ಇಳಿಯಬಾರದು. "ಗುಳಿಗೆ ಬಿಟ್ಟು ಬೇರೆ ಏನು ತಗೊಳ್ತೀರಿ?" ಅಂದರು ಡಾಕ್ಟರು. ನಾನು ಫ್ಯಾನ್ ನೋಡಿದೆ. ನಮ್ಮ ಮನೆಯವಳು ಈ ಸಲ ಕೆಮ್ಮಲಿಲ್ಲ. ಕೈಚೀಲ ತಿರುವಿ ಅವರ ಟೇಬಲ್ ಮೇಲೆ ಸುರಿದಳು.

ಡಾಕ್ಟರಿಗೆ ಗಿಲೋಯ್ ಒಂದು ಗುರುತು ಸಿಕ್ಕಿತು. ಅದು ಸಕ್ಕರೆ ಇಳಿಸುತ್ತದೆ, ಮೇಲೆ ಗುಳಿಗೆ, ಅದರ ಮೇಲೆ ಪಥ್ಯ ಅಂತ ಅರೆಹೊಟ್ಟೆ ಅಂದರು. ಕೊರೋನಾ ಕಾಲದಲ್ಲಿ ಜನ ಇದನ್ನು ಕಂಡಾಪಟ್ಟೆ ಕುಡಿದಾಗ, ಕೆಲವರ ಲಿವರಿಗೆ ತೊಂದರೆ ಆಗಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ಬರೆದರಂತೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲವಂತೆ. "ಅವರ ಜಗಳ ಇರಲಿ, ನಿಮ್ಮ ರಕ್ತ ಕೊಡಿ" ಅಂದರು. ಕೊಟ್ಟೆ. ಲಿವರು ಪಾಪ, ಇವೆಲ್ಲ ನಡೆದಿದ್ದೇ ಗೊತ್ತಿಲ್ಲದ ಹಾಗೆ ಚೆನ್ನಾಗಿತ್ತು.

ಸೋಮವಾರ ಅದೇ ಕೈಚೀಲ ಮುತ್ಯಾನ ಕಟ್ಟೆಗೆ ಹೋಯಿತು. ಅವರು ಬಿಳಿ ಪುಡಿಯನ್ನು ನಾಲಿಗೆ ತುದಿಗೆ ಇಟ್ಟುಕೊಂಡರು. ಹಸಿರು ಪುಡಿ ಮೂಸಿದರು. ರಸದ ಬಾಟಲಿಯಿಂದ ಎರಡು ಹನಿ ಅಂಗೈಗೆ ಬಿಟ್ಟು ನೆಕ್ಕಿದರು. ನನ್ನ ಮುಖ ನೋಡಿದರು.

"ಇದೂ ಅಮೃತಬಳ್ಳಿ. ಇದೂ ಅಮೃತಬಳ್ಳಿ. ಇದೂ ಅದೇ ಅದ." ಆಮೇಲೆ ನಕ್ಕರು, ನಕ್ಕರು, ಮಗಳು ನೀರು ತಂದುಕೊಡುವ ತನಕ ನಕ್ಕರು. "ಮರಾಠಿ ಬಳ್ಳಿ, ತೆಲುಗು ಬಳ್ಳಿ, ಉರ್ದು ಬಳ್ಳಿ, ಎಲ್ಲಾ ಕೂಡಿ ನಿನ್ನ ಹೊಟ್ಟ್ಯಾಗ ಬಜಾರ ಮಾಡ್ಯಾವ ತಮ್ಮಾ."

ಗುಳಿಗೆಯ ಸುದ್ದಿಗೆ ಮಾತ್ರ ನಗಲಿಲ್ಲ. ನೋಟ್‌ಬುಕ್ ತೆಗೆದು ನನ್ನ ಹೆಸರಿನ ಮುಂದೆ "ಸುಳ್ಳ ಹೇಳ್ತಾನ" ಅಂತ ದಪ್ಪ ಅಕ್ಷರದಲ್ಲಿ ಬರೆದರು. ಡಾಕ್ಟರು ಹೂಂ ಅನ್ನುವ ತನಕ ಕಷಾಯ ಬಂದ್. ಮೊಣಕಾಲಿಗೆ ಬಿಸಿ ಎಳ್ಳೆಣ್ಣೆ ತಿಕ್ಕು, ರಾತ್ರಿ ಎರಡು ರೊಟ್ಟಿ ಕಡಿಮೆ ಮಾಡು ಅಂದರು. ತೊಗರಿಬೇಳೆ ತಿನ್ನಬಹುದು ಅಂದಾಗ ಅವರ ಕಾಲಿಗೆ ಬಿದ್ದೆ. ಏಳುವಾಗ ಮೊಣಕಾಲು ಕಟಕಟ ಅಂದಿತು.

ಮನೆಗೆ ಬರುವಾಗ ಆಟೋದವನೂ ಅದನ್ನು ಕೇಳಿಸಿಕೊಂಡ. "ಸಾಹೇಬ್ರ, ಗುಡೂಚಿ ಅಂತ ಒಂದ್ ಗುಳಿಗಿ ಬರ್ತಾದ ನೋಡ್ರಿ, ನಮ್ಮ ಕಾಕಾಗ ಭಾಳ ಛಲೋ ಆಯ್ತು" ಅಂದ.

"ಹೌದಾ? ಎಲ್ಲಿ ಸಿಗ್ತಾದ?" ಅಂದೆ.

ಪಕ್ಕದಲ್ಲಿ ಕೆಮ್ಮು ಕೇಳಿಸಿತು.