ಮರಕ್ಕೆ ಮುಪ್ಪು ಬರಿಸುವವರು

ಮೊನ್ನೆ ಹೊಸದಾಗಿ ಶುರುವಾದ ಒಂದು ರೆಸ್ಟೋರೆಂಟಿಗೆ ಹೋಗಿದ್ದೆ. ಹೊಸದು ಅಂತ ಬಾಗಿಲ ಬೋರ್ಡು ಹೇಳುತ್ತಿತ್ತು, ಅಷ್ಟೇ. ಒಳಗೆ ನೋಡಿದರೆ ಗೋಡೆಯ ಹಲಗೆಗಳ ಬಣ್ಣ ಕಿತ್ತುಹೋಗಿತ್ತು. ಮೇಲಿನ ತೊಲೆ ಬಿರುಕು ಬಿಟ್ಟಿತ್ತು. ಮೇಜಿನ ತುಂಬ ಮೊಳೆ ಕಿತ್ತ ತೂತು. ನಾನಿರುವ ಮನೆ ಹೀಗಿದ್ದರೆ ಬಾಡಿಗೆ ಇಳಿಸಿ ಅಂತ ಮಾಲೀಕರ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದೆ. ಇಲ್ಲಿ ಇದಕ್ಕೇ ಬಿಲ್ಲು ಜಾಸ್ತಿ.

ಮೊಣಕೈ ಊರಿದ್ದೇ ತಡ, ಸಿಬಿರು ಚುಚ್ಚಿತು. ಬಂದ ಹುಡುಗ ಸಾರಿ ಕೇಳಲಿಲ್ಲ. ಹೆಮ್ಮೆಯಿಂದ, "ರೀಕ್ಲೇಮ್ಡ್ ವುಡ್ ಸರ್. ನೂರು ವರ್ಷದ ಹಡಗಿನ ಮರ" ಅಂದ. ಹಳೇದನ್ನು ಕಳಚಿ ಮತ್ತೆ ಬಳಸಿದ ಮರ ಅಂತ ಅರ್ಥ. ಕುಡಿಯುವ ನೀರು ಬರುವ ಮೊದಲೇ ಮೇಜಿನ ಜಾತಕ ಬಂತು. ಯಾವ ಬಂದರು, ಎಂಥ ಬಿರುಗಾಳಿ, ಎಲ್ಲ. ಈ ಮೇಜು ನನಗಿಂತ ಜಾಸ್ತಿ ಲೋಕ ಸುತ್ತಿದೆ ಅಂತ ಕೈ ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

ಅಷ್ಟರಲ್ಲಿ ಚಮಚ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಹೊಟ್ಟೆ ಕಂಡಿತು. ಅಲ್ಲೊಂದು ಸುಟ್ಟು ಒತ್ತಿದ ಮುದ್ರೆ. ಒಂದು ತೆನೆಯ ಚಿತ್ರ, ಪಕ್ಕದಲ್ಲಿ 'ಎಚ್‌ಟಿ' ಅಂತ ಎರಡಕ್ಷರ. ಸರಕು ಸಾಗಿಸುವಾಗ ಅಡಿಗೆ ಇಡುವ ಮರದ ಚೌಕಟ್ಟು, ಅಂದರೆ ಪ್ಯಾಲೆಟ್, ನೋಡಿದವರಿಗೆ ಇದು ಗೊತ್ತು. ಒಂದು ದೇಶದ ಮರದ ಹುಳು ಇನ್ನೊಂದು ದೇಶದ ಕಾಡಿಗೆ ಹೋಗಬಾರದು ಅಂತ ಇರುವ ಅಂತರರಾಷ್ಟ್ರೀಯ ನಿಯಮದ ಗುರುತು. ಮರದ ತಿರುಳಿನವರೆಗೂ 56 ಡಿಗ್ರಿ ಬಿಸಿ, ಕನಿಷ್ಠ 30 ನಿಮಿಷ, ಆಮೇಲೆ ಈ ಮುದ್ರೆ. ಆ ನಿಯಮ ಬಂದದ್ದು 2002ರಲ್ಲಿ. ಹಾಗಾದರೆ ನೂರು ವರ್ಷದ ಹಡಗು? ಹಡಗು ಹತ್ತಿದ್ದು ನಿಜ ಇರಬಹುದು ಬಿಡಿ. ಸಾಮಾನು ಹೊತ್ತುಕೊಂಡು.

ನನಗೆ ಪ್ಯಾಲೆಟ್ ಮೇಲೆ ಸಿಟ್ಟಿಲ್ಲ. ಎಚ್‌ಟಿ ಅಂದರೆ ಬರೀ ಬಿಸಿ ಕಂಡ ಮರ. 'ಎಂಬಿ' ಅಂತ ಇದ್ದರೆ ಹುಳು ಕೊಲ್ಲುವ ಮೀಥೈಲ್ ಬ್ರೋಮೈಡ್ ಅನ್ನುವ ವಿಷಾನಿಲ ಕುಡಿದದ್ದು, ಅದರ ಮೇಲೆ ತಟ್ಟೆ ಇಡಬಾರದು. ಆದರೆ ಪ್ಯಾಲೆಟ್ಟನ್ನು ಪ್ಯಾಲೆಟ್ ಅಂದರೆ ಏನು ನಷ್ಟ ಅಂತ!

ಅನುಮಾನ ಒಂದು ಸಲ ಹತ್ತಿದರೆ ಬಿಡುವುದಿಲ್ಲ. ಗೋಡೆ ನೋಡಿದೆ. ಹಲಗೆಯ ನಡುವೆ ಒಂದು ಗಂಟು, ಹಕ್ಕಿಯ ಕಣ್ಣಿನ ಹಾಗೆ. ನಾಲ್ಕು ಹಲಗೆ ಬಿಟ್ಟರೆ ಮತ್ತೆ ಅದೇ ಕಣ್ಣು. ಇನ್ನೂ ನಾಲ್ಕು ಆದಮೇಲೆ ಮತ್ತೆ. ಉಗುರಲ್ಲಿ ತಟ್ಟಿದೆ, ಟಣ್ ಅಂತು. ಟೈಲ್ಸು! ಮರದ ಫೋಟೋ ತೆಗೆದು ಟೈಲ್ಸಿಗೆ ಅಚ್ಚು ಹಾಕಿದ್ದಾರೆ.

ಇದರ ಹಿಂದೆ ದೊಡ್ಡ ಕಸುಬೇ ಇದೆ. ಹಳೇ ಮರ ಎಲ್ಲರಿಗೂ ಬೇಕು, ಇರುವುದು ಸ್ವಲ್ಪ. ಹಾಗಾಗಿ ಹೊಸ ಹಲಗೆ ತಂದು ಸರಪಳಿಯಲ್ಲಿ ಹೊಡೆಯುತ್ತಾರೆ. ತಂತಿ ಬ್ರಷ್ಷಿನಲ್ಲಿ ಉಜ್ಜುತ್ತಾರೆ. ಉಕ್ಕಿನ ನಾರನ್ನು ವಿನೆಗರಿನಲ್ಲಿ ನೆನೆಹಾಕಿ ಆ ನೀರು ಬಳಿದರೆ, ಮರದಲ್ಲಿರುವ ಟ್ಯಾನಿನ್ ಅನ್ನುವ ಒಗರಿನ ಅಂಶ ಕಬ್ಬಿಣದ ಜೊತೆ ಸೇರಿ ಹಲಗೆ ಬೂದು ತಿರುಗುತ್ತದೆ. ಬಿಸಿಲು ಮಳೆ ಎಷ್ಟೋ ವರ್ಷ ಕಷ್ಟಪಟ್ಟು ಮಾಡುವ ಕೆಲಸ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಜನ ತಲೆಕೂದಲಿಗೆ ಕಪ್ಪು ಬಳಿದುಕೊಂಡು ಬಂದು ಬೂದು ಬಳಿದ ಮೇಜಿನ ಮುಂದೆ ಕೂರುತ್ತಾರೆ.

ಹುಳುವಿಗೂ ಬೆಲೆ ಬಂದಿದೆ. ಅಮೆರಿಕದ ಚೆಸ್ಟ್‌ನಟ್ ಮರಕ್ಕೆ ಶಿಲೀಂಧ್ರ ರೋಗ ಬಂದದ್ದು 1904ರಲ್ಲಿ ನ್ಯೂಯಾರ್ಕಿನಲ್ಲಿ ಗೊತ್ತಾಯಿತು. ಮುಂದೆ ನೂರಾರು ಕೋಟಿ ಮರ ಸತ್ತವು. ನಿಂತಲ್ಲೇ ಒಣಗಿದ ಬೊಡ್ಡೆಗಳನ್ನು ಹುಳು ಕೊರೆಯಿತು. ಈಗ ಆ ತೂತಿರುವ ಮರಕ್ಕೇ 'ವರ್ಮಿ ಚೆಸ್ಟ್‌ನಟ್' ಅಂತ ಹೆಸರು, ರೇಟು ಮೇಲೆ. ಅದು ಸಿಗದವರು ಚೂಪು ಕಬ್ಬಿಣ ಹಿಡಿದು ತಾವೇ ಹುಳುವಿನ ಕೆಲಸಕ್ಕೆ ಕೂರುತ್ತಾರೆ.

ನಿಜವಾದ ಹಳೇ ಮರ ಬಳಸುವವರೂ ಇದ್ದಾರೆ. ಅವರದು ತಲೆನೋವಿನ ಕೆಲಸ. ಹುದುಗಿದ ಮೊಳೆಗಳನ್ನು ಲೋಹಶೋಧಕದಿಂದ ಹುಡುಕಿ ಒಂದೊಂದಾಗಿ ಕೀಳಬೇಕು. ಒಂದು ಉಳಿದರೂ ಗರಗಸದ ಹಲ್ಲು ಹೋಯಿತು. ಹಳೇ ಬಣ್ಣದಲ್ಲಿ ಸೀಸ ಇದೆಯೇ ನೋಡಬೇಕು. ಗೂಡಿನಲ್ಲಿ ಬಿಸಿ ಮಾಡಿ ಹುಳು ಕೊಲ್ಲಬೇಕು. ರೈಲು ಹಳಿಯ ಸ್ಲೀಪರ್ ಆದರೆ ತರುವುದೇ ಬೇಡ. ಅದು ಕ್ರಿಯೋಸೋಟ್, ಅಂದರೆ ಮರ ಕೊಳೆಯದಿರಲು ಹಾಕುವ ವಿಷದ ಎಣ್ಣೆ, ಕುಡಿದಿರುತ್ತದೆ. ಅಂಥ ಮರವನ್ನು ಕಟ್ಟಡದ ಒಳಗೆ ಹಾಕುವಂತಿಲ್ಲ ಅಂತ ಯುರೋಪಿನಲ್ಲಿ ಕಾನೂನೇ ಇದೆ. ಇಷ್ಟೆಲ್ಲ ಮಾಡುವ ಬಡಗಿ ಪಾಪ ಸುಮ್ನೆ ತನ್ನ ಪಾಡಿಗೆ ಇರುತ್ತಾನೆ. ಬಿರುಗಾಳಿಯ ಕಥೆ ಹೇಳುವಷ್ಟು ಪುರುಸೊತ್ತು ಅವನಿಗೆಲ್ಲಿ?

ಊಟ ಮುಗಿಯಿತು. ನೀರು ಕುಡಿದು ಲೋಟವನ್ನು ಮೇಜಿನ ಮೇಲಿಟ್ಟೆ. ಆ ಹುಡುಗ ಎಲ್ಲಿದ್ದನೋ, ಓಡಿ ಬಂದ. ಸಮುದ್ರ ದಾಟಿದ, ಬಿರುಗಾಳಿ ತಿಂದ, ನೂರು ವರ್ಷದ ಕಲೆ ಹೊತ್ತ ಮೇಜನ್ನು ಬಟ್ಟೆಯಿಂದ ಗಾಬರಿಯಲ್ಲಿ ಒರೆಸಿದ.

"ಕೋಸ್ಟರ್ ಮೇಲಿಡಿ ಸರ್. ಕಲೆ ಆಗುತ್ತೆ."

ಕೋಸ್ಟರ್ ತಂದುಕೊಟ್ಟ. ಅದೂ ಹಡಗಿನದ್ದೇ ಅಂತೆ.