‘ನಾಲ್ಕು ಸಲ ಚಾರ್ಜ್ ಮಾಡಿ, ಸೆಟ್ ಆಗುತ್ತೆ’ ಅಂತ ಸಾಗಹಾಕೋದನ್ನ ನಿಲ್ಲಿಸಿ

ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ ಹಾಕಿಸಿಕೊಂಡವರು ವಾಪಸ್ ಬಂದು ‘ಚಾರ್ಜ್ 76 ಪರ್ಸೆಂಟಿಗೇ ನಿಂತುಬಿಡುತ್ತೆ’ ಅಂದರೆ ಮಾರಿದವರ ಬಾಯಲ್ಲಿ ಒಂದೇ ಉತ್ತರ: ‘ನಾಲ್ಕು ಸಲ ಪೂರ್ತಿ ಖಾಲಿ ಮಾಡಿ, ಪೂರ್ತಿ ಚಾರ್ಜ್ ಮಾಡಿ ಸರ್, ಸೆಟ್ ಆಗುತ್ತೆ.’ ಅಂಗಡಿಯ ಕೌಂಟರಾಗಲಿ, ಆನ್‌ಲೈನ್ ಚಾಟ್ ಆಗಲಿ, ಮಾತು ಬದಲಾಗಲ್ಲ. ನಾಲ್ಕು ಸಲ ಮುಗಿಯೋ ಹೊತ್ತಿಗೆ ರಿಟರ್ನ್ ಅವಧಿಯೂ ಮುಗಿದಿರುತ್ತೆ. ದುಡ್ಡು ಕೊಟ್ಟ ಗಿರಾಕಿಗೆ ಮಾಡುವ ಶುದ್ಧ ಅನ್ಯಾಯ ಇದು. ಯಾಕೆಂದರೆ ದೋಷ ಎಲ್ಲಿದೆ ಅಂತ ಎರಡು ಮೂರು ದಿನದಲ್ಲೇ ಕಂಡುಹಿಡಿಯಬಹುದು.

ಕರೆಕ್ಟಾಗಿ 60ಕ್ಕೋ 80ಕ್ಕೋ ನಿಂತರೆ ಬ್ಯಾಟರಿಯನ್ನು ಬೈಯಬೇಡಿ, ಮೊದಲು ಸೆಟ್ಟಿಂಗ್ ನೋಡಿ. ಲೆನೊವೊದಲ್ಲಿ ವಾಂಟೇಜ್ ಆ್ಯಪಿನ ಕನ್ಸರ್ವೇಷನ್ ಮೋಡ್, ಏಸಸ್‌ನಲ್ಲಿ ಮೈಏಸಸ್, ಎಚ್‌ಪಿಯಲ್ಲಿ ಬಯೋಸ್‌ನ (ವಿಂಡೋಸ್ ಶುರುವಾಗೋ ಮೊದಲೇ ತೆರೆಯೋ ಸೆಟ್ಟಿಂಗ್ ಪುಟ) ಬ್ಯಾಟರಿ ಹೆಲ್ತ್ ಮ್ಯಾನೇಜರ್, ಡೆಲ್‌ನಲ್ಲಿ ಬಯೋಸ್‌ನ ಬ್ಯಾಟರಿ ಚಾರ್ಜ್ ಆಯ್ಕೆ. ಈ ಮಿತಿ ಇರೋದು ಲ್ಯಾಪ್‌ಟಾಪ್ ಕಡೆ, ಬ್ಯಾಟರಿ ಬದಲಿಸಿದರೂ ಹೋಗಲ್ಲ. ಫಿಟ್ ಮಾಡಿದವನು ಒಂದು ನಿಮಿಷ ನೋಡಿದ್ದರೆ ಗಿರಾಕಿ ಮತ್ತೆ ಬಸ್ ಹತ್ತಿ ಬರಬೇಕಿರಲಿಲ್ಲ. ಇನ್ನು 95 ದಾಟಿದ ಮೇಲೆ ಪ್ಲಗ್ ಹಾಕಿದರೆ ಎಷ್ಟೋ ಮಾಡೆಲ್‌ಗಳು ಚಾರ್ಜ್ ಶುರುವೇ ಮಾಡಲ್ಲ. ಅದು ದೋಷ ಅಲ್ಲ.

ಆಮೇಲೆ ಅಡಾಪ್ಟರ್. ಉದಾಹರಣೆಗೆ, ಲ್ಯಾಪ್‌ಟಾಪ್ ಕೇಳೋದು 19.5 ವೋಲ್ಟ್, 3.34 ಆಂಪಿಯರ್, ಅಂದರೆ 65 ವ್ಯಾಟ್. ಚುಚ್ಚಿರೋದು 45 ವ್ಯಾಟ್‌ನದು. ಕೆಲಸ ಮಾಡುತ್ತಾ ಚಾರ್ಜ್ ಹಾಕಿದರೆ ಹೇಗೆ ಏರಬೇಕು? ಡೆಲ್‌ನ ಉರುಟು ಪಿನ್ನಿನ ನಡುವಿನ ಸಣ್ಣ ಸೂಜಿ ಬಾಗಿದರೆ ಅಡಾಪ್ಟರ್ ಯಾವುದೆಂದು ಲ್ಯಾಪ್‌ಟಾಪ್‌ಗೆ ಗೊತ್ತಾಗಲ್ಲ. ಆಗ ಲ್ಯಾಪ್‌ಟಾಪ್ ಓಡುತ್ತೆ, ಬ್ಯಾಟರಿಗೆ ಚಾರ್ಜ್ ಹೋಗಲ್ಲ.

ಇವೆರಡೂ ಸರಿ ಇದ್ದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷಿನಲ್ಲಿ (powercfg /batteryreport) ಟೈಪ್ ಮಾಡಿ. ಫೈಲ್ ಎಲ್ಲಿ ಉಳಿಯಿತು ಅಂತ ಅಲ್ಲೇ ತೋರಿಸುತ್ತೆ. ಅದರಲ್ಲಿ ಡಿಸೈನ್ ಕೆಪಾಸಿಟಿ (ಹೊಸದರಲ್ಲಿ ಇರಬೇಕಾದ ಸಾಮರ್ಥ್ಯ), ಫುಲ್ ಚಾರ್ಜ್ ಕೆಪಾಸಿಟಿ (ಈಗ ನಿಜವಾಗಿ ಹಿಡಿಯುವಷ್ಟು), ಸೈಕಲ್ ಕೌಂಟ್ (ಎಷ್ಟು ಸಲ ತುಂಬಿ ಖಾಲಿಯಾಗಿದೆ) ಮೂರನ್ನೂ ನೋಡಿ. 11.1 ವೋಲ್ಟ್, 4400 ಎಂಎಎಚ್ ಬ್ಯಾಟರಿ ಅಂದರೆ 48,840 ಮಿಲಿವ್ಯಾಟ್ ಅವರ್. ಫುಲ್ ಚಾರ್ಜ್ ಕೆಪಾಸಿಟಿ 31,000 ಇದ್ದು, ಕ್ಯಾಲಿಬ್ರೇಷನ್ (ಪೂರ್ತಿ ಏರಿಸಿ ಇಳಿಸಿ ಚಿಪ್‌ನ ಲೆಕ್ಕ ಸರಿಪಡಿಸೋದು, ಕ್ರಮ ಮುಂದಿದೆ) ಆದ ಮೇಲೂ ಏರದಿದ್ದರೆ, ಹೊಸದು ಅಂತ ಕೊಟ್ಟಿದ್ದು ಸವೆದ ಸೆಲ್‌ಗಳನ್ನ. ಡಿಸೈನ್ ಕೆಪಾಸಿಟಿ ಅನ್ನೋದು ಬ್ಯಾಟರಿ ಒಳಗಿನ ಚಿಪ್‌ನಲ್ಲಿ ಬರೆದಿಟ್ಟ ಸಂಖ್ಯೆ ಮಾತ್ರ, ಕಳ್ಳ ತಯಾರಕ ಏನು ಬೇಕಾದರೂ ಬರೆಯಬಹುದು. ಸೈಕಲ್ ಕೌಂಟ್ ಸೊನ್ನೆ ಅಂದ ಮಾತ್ರಕ್ಕೂ ನಂಬಬೇಡಿ.

ಕ್ಯಾಲಿಬ್ರೇಷನ್ ಸುಳ್ಳಲ್ಲ, ಅದಕ್ಕೆ ಕ್ರಮ ಇದೆ. 100ಕ್ಕೆ ಏರಿಸಿ, ಅಥವಾ ಎಲ್ಲಿ ನಿಲ್ಲುತ್ತೋ ಅಲ್ಲಿವರೆಗೆ ಏರಿಸಿ, ಎರಡು ಗಂಟೆ ಪ್ಲಗ್‌ನಲ್ಲೇ ಬಿಡಿ. ಪ್ಲಗ್ ತೆಗೆದು ಸುಮಾರು 5ರವರೆಗೆ ಇಳಿಸಿ, ಆಫ್ ಮಾಡಿ ಎರಡು ಮೂರು ಗಂಟೆ ತಣ್ಣಗಿರಲಿ, ಆಮೇಲೆ ನಡುವೆ ನಿಲ್ಲಿಸದೆ ಪೂರ್ತಿ ಏರಿಸಿ. ಇದರಿಂದ ಚಿಪ್‌ನ ಲೆಕ್ಕ ಸರಿಹೋಗುತ್ತೆ, ಅಷ್ಟೇ; ಸೆಲ್‌ನಲ್ಲಿ ಇಲ್ಲದ ಶಕ್ತಿ ಹುಟ್ಟಲ್ಲ. ಎರಡು ಸಲಕ್ಕೂ ಸಂಖ್ಯೆ ಕದಲದಿದ್ದರೆ ಮೂರನೇ ಸಲ ವ್ಯರ್ಥ.

ಅಸಲಿ ಗುಟ್ಟು ಗೊತ್ತಾಗೋದು ವೋಲ್ಟೇಜ್‌ನಲ್ಲಿ. ಎಚ್‌ಡಬ್ಲ್ಯುಇನ್ಫೋ (HWiNFO) ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಬ್ಯಾಟರಿ ವೋಲ್ಟೇಜೂ ಚಾರ್ಜ್ ದರವೂ ಕಾಣುತ್ತೆ. ಲೇಬಲ್ ಮೇಲೆ 10.8 ಅಥವಾ 11.1 ಇದ್ದರೆ ಸಾಲಿನಲ್ಲಿ ಮೂರು ಸೆಲ್ ಅಥವಾ ಮೂರು ಜೋಡಿ ಸೆಲ್, ತುಂಬಿದಾಗ 12.6ರ ಹತ್ತಿರ ಬರಬೇಕು. 14.4 ಅಥವಾ 14.8 ಇದ್ದರೆ 16.8. (11.4, 11.55 ಎಂದಿರುವ ಹೊಸ ಮಾದರಿಗಳ ಸೆಲ್ ಬೇರೆ, ಅವು 13 ದಾಟುತ್ತವೆ.) 80 ದಾಟಿದ ಮೇಲೆ ಚಾರ್ಜ್ ದರ ಮೆಲ್ಲಗೆ ಇಳಿಯೋದು ಸಹಜ. ಆದರೆ ಮೂರು ಜೋಡಿಯದರಲ್ಲಿ 12.2ರ ಆಸುಪಾಸಿಗೆ ದರ ಧುತ್ತೆಂದು ಸೊನ್ನೆಯಾದರೆ ಹೆಚ್ಚಾಗಿ ಕಾರಣ ಇದೇ: ಒಂದು ಜೋಡಿ 4.2 ವೋಲ್ಟ್ ಮುಟ್ಟಿಬಿಟ್ಟಿದೆ, ಉಳಿದೆರಡು 4.0ರಲ್ಲೇ ಇವೆ. ಮುಂದೆ ತುಂಬಿದರೆ ಅಪಾಯ ಅಂತ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕುತ್ತೆ. ಹಳೇ ಸೆಲ್, ಹೊಸ ಸೆಲ್ ಬೆರೆಸಿ ಬೆಸುಗೆ ಹಾಕಿದ ಪ್ಯಾಕ್‌ಗಳು ಹೀಗೇ ಸಾಯೋದು. ಇದನ್ನ ನಾಲ್ಕಲ್ಲ, ನಲವತ್ತು ಸಲ ಖಾಲಿ ಮಾಡಿ ತುಂಬಿಸಿದರೂ ಸೆಟ್ ಆಗಲ್ಲ! ಮಾರುವವರಿಗೆ ಇದು ಗೊತ್ತಿಲ್ಲದೆ ಇಲ್ಲ.

ಆದ್ದರಿಂದ ಫಿಟ್ ಮಾಡಿಸಿದ ದಿನವೇ ರಿಪೋರ್ಟ್ ತೆಗೆದಿಡಿ, ಲೇಬಲ್‌ನ ಫೋಟೊ ಹೊಡೆದಿಡಿ. ಲೇಬಲ್ ಮೇಲೆ ಐಎಸ್ 16046 ಮತ್ತು ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಲೇಬೇಕು. ಆ ಸಂಖ್ಯೆಯನ್ನ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ‘ಬಿಲ್ ಬೇಡ ಅಂದ್ರೆ ಇನ್ನೂರು ಕಡಿಮೆ’ ಅನ್ನೋರ ಮಾತಿಗೆ ಮರುಳಾಗಬೇಡಿ, ಸ್ಟಿಕ್ಕರ್ ಮೇಲೆ ಪೆನ್ನಿನಲ್ಲಿ ಗೀಚಿದ ತಾರೀಕಿಗೆ ನಾಳೆ ಬೆಲೆ ಇರಲ್ಲ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಫೋನ್‌ನಲ್ಲಿ ವಾದ ಮಾಡದೆ ಲಿಖಿತ ದೂರು ಕೊಡಿ: 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915.

ಇಷ್ಟರ ನಡುವೆ ಬ್ಯಾಟರಿ ಊದಿ ಟಚ್‌ಪ್ಯಾಡ್ ಮೇಲೆದ್ದರೆ, ಕೆಳಗಿನ ಕವರ್ ಉಬ್ಬಿದರೆ ಪರೀಕ್ಷೆ ಎಲ್ಲಾ ಅಲ್ಲಿಗೇ ನಿಲ್ಲಿಸಿ. ಅಡಾಪ್ಟರ್ ಕಿತ್ತು, ಲ್ಯಾಪ್‌ಟಾಪ್ ಆಫ್ ಮಾಡಿ, ಪ್ಯಾಕ್ ಅನ್ನು ಒತ್ತದೆ, ಚುಚ್ಚದೆ ಹೊರಗೆ ತೆಗೆಸಿ. ಆಗಲೂ ‘ಸೆಟ್ ಆಗುತ್ತೆ’ ಅನ್ನೋರಿದ್ದಾರೆ, ಹುಷಾರು.