ಅಳಿಯಸಂತಾನ ರದ್ದಾಗಿದೆಯಂತೆ!

ನಾನು ನನ್ನ ಅಪ್ಪನ ಮಗ ಎಂದು ಸಾಬೀತು ಮಾಡಲು ನನಗೆ 4 ತಿಂಗಳು ಹಿಡಿಯಿತು.

ಇರುವುದು 12 ಸೆಂಟ್ಸ್ ಜಾಗ. ಅದರಲ್ಲಿ ಏಳು ತೆಂಗು, ಹಳದಿ ರೋಗ ಬಂದ ಸ್ವಲ್ಪ ಅಡಿಕೆ. ಅಪ್ಪ ತೀರಿಹೋದ ಮೇಲೆ ಅದನ್ನು ನನ್ನ ಹೆಸರಿಗೆ ಪೋಕುವರವು ಮಾಡಿಸಬೇಕಿತ್ತು. (ಘಟ್ಟದ ಮೇಲಿನವರಿಗಾಗಿ: ಪೋಕುವರವು ಅಂದರೆ ನಿಮ್ಮ ಖಾತೆ ಬದಲಾವಣೆ. ತಲಪಾಡಿ ದಾಟಿ ನಮ್ಮ ಕೇರಳಕ್ಕೆ ಬಂದರೆ ಹೆಸರು ಬೇರೆ, ಅಲೆದಾಟ ಅದೇ.) ಮರಣ ಪತ್ರ ಕೊಟ್ಟೆ. ರೇಷನ್ ಕಾರ್ಡು ಕೊಟ್ಟೆ. ಎಸ್ಸೆಸ್ಸೆಲ್ಸಿ ಪುಸ್ತಕ ಕೊಟ್ಟೆ. ಕೊನೆಗೆ ನೆರೆಕರೆಯವರು ಇಬ್ಬರು ಬಂದು "ಹೌದು, ಇವ ಅವರ ಮಗನೇ" ಎಂದು ಸಹಿ ಹಾಕಿದರು. ಗುಮಾಸ್ತರು ನನ್ನ ಮುಖ ನೋಡಿದರು, ಅಪ್ಪನ ಫೋಟೋ ನೋಡಿದರು. ಅಷ್ಟಕ್ಕೂ ತೃಪ್ತಿಯಾದಂತೆ ಕಾಣಲಿಲ್ಲ.

ಈಗ ಪುದುಪ್ಪಳ್ಳಿಯ ಲೆಕ್ಕ ನೋಡಿ. ಕೇರಳದ ಮುಖ್ಯಮಂತ್ರಿಯೂ ಆಗಿದ್ದ ಉಮ್ಮನ್ ಚಾಂಡಿಯವರು 1970ರಿಂದ ಆ ಕ್ಷೇತ್ರದ ಶಾಸಕರು. 2023ರ ಜುಲೈ 18ಕ್ಕೆ ತೀರಿಕೊಂಡರು. ಸೆಪ್ಟೆಂಬರ್ 8ಕ್ಕೆ ಮಗ ಚಾಂಡಿ ಉಮ್ಮನ್ 37,719 ಓಟುಗಳ ಅಂತರದಲ್ಲಿ ಗೆದ್ದು ಆಗಿತ್ತು. ಒಟ್ಟು 52 ದಿನ. ಒಂದಿಡೀ ವಿಧಾನಸಭಾ ಕ್ಷೇತ್ರದ ಪೋಕುವರವು! ನೆರೆಕರೆಯವರ ಸಹಿ ಅವರಿಗೂ ಬೇಕಾಗಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ಅವರ ನೆರೆಕರೆಯವರು ಸಾಲುಗಟ್ಟಿ ನಿಂತು ಹಾಕಿದರು. ನನ್ನವರಿಗೆ ಹೋಗಿಬರುವ ರಿಕ್ಷಾ ಬಾಡಿಗೆ, ಚಾ, ಗೋಳಿಬಜೆ ಎಲ್ಲ ನಾನೇ ಕೊಟ್ಟೆ.

ಈ ಸಂಕಟವನ್ನು ಸೋದರಮಾವನ ಹತ್ತಿರ ಹೇಳಿಕೊಂಡೆ. ನಮ್ಮ ಕುಟುಂಬದ ಮನೆಯಲ್ಲಿ ಈ ವರ್ಷ ದೈವಗಳ ಪುನಃಪ್ರತಿಷ್ಠೆ. ಅಂಗಳದಲ್ಲಿ ವಂಶವೃಕ್ಷದ ಫ್ಲೆಕ್ಸ್ ಹಾಕಬೇಕೆಂದು ಮಾವ ಎರಡು ತಿಂಗಳಿಂದ ಚಾರ್ಟ್ ಪೇಪರಿನ ಮೇಲೆ ಬಗ್ಗಿ ಕುಳಿತಿದ್ದಾರೆ. ನಮ್ಮದು ಅಳಿಯಸಂತಾನದ ಕುಟುಂಬ. ಹಾಗಾಗಿ ಮರ ಬೆಳೆಯುವುದು ಹೆಂಗಸರ ಕಡೆಯಿಂದ. ಅಜ್ಜಿಯಿಂದ ಅಮ್ಮ, ಅಮ್ಮನಿಂದ ತಂಗಿ. ಯಜಮಾನಿಕೆ ಮಾತ್ರ ಮಾವನಿಂದ ಅಳಿಯನಿಗೆ. ಗಂಡಸರ ಮಕ್ಕಳಿಗೆ ಆ ಮರದಲ್ಲಿ ಜಾಗ ಇಲ್ಲ. ಕೊಂಬೆಯ ಹತ್ತಿರ ಕುಳಿತ ಕಾಗೆಗಳಷ್ಟೇ.

"ಆಸ್ತಿಯ ಮಟ್ಟಿಗೆ ಅದೆಲ್ಲ ಯಾವಾಗಲೋ ಹೋಯ್ತು ಮಾರಾಯ" ಎಂದರು ಮಾವ. "ಕಾನೂನೇ ರದ್ದು ಮಾಡಿದ್ದಾರೆ, ಗೊತ್ತುಂಟಾ?"

ಹೌದು. ಹಿಂದೂ ಕೂಡುಕುಟುಂಬ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆಯನ್ನು ಕೇರಳ 1975ರಲ್ಲಿ ಮಾಡಿತು. ಜಾರಿಗೆ ಬಂದದ್ದು 1976ರ ಡಿಸೆಂಬರ್ 1ಕ್ಕೆ. ಮಲಯಾಳಿಗಳ ಅಳಿಯಸಂತಾನವಾದ ಮರುಮಕ್ಕತ್ತಾಯಂ ಹೋಯಿತು, ಅದರ ಜತೆಗೆ ನಮ್ಮ ಅಳಿಯಸಂತಾನವೂ ಹೋಯಿತು. ಆ ಕಾಯ್ದೆಯ 3ನೇ ಕಲಮು ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಒಂದು ಕುಟುಂಬದಲ್ಲಿ ಹುಟ್ಟಿದ್ದೇನೆ ಎಂಬ ಒಂದೇ ಕಾರಣಕ್ಕೆ, ಹಿರಿಯರು ಬದುಕಿರುವಾಗಲೇ ಅವರ ಆಸ್ತಿಯಲ್ಲಿ ಹಕ್ಕು ಕೇಳುವಂತಿಲ್ಲ! ಎಂಥ ಕ್ರಾಂತಿ ನೋಡಿ. ಇದನ್ನು ಮಾಡಿದ್ದು ಯಾರು? ಶಾಸಕರು. ಎಲ್ಲಿ ಕುಳಿತು? ತಿರುವನಂತಪುರದ ಸಭೆಯಲ್ಲಿ. ಆ ಸಭೆಯ ಕುರ್ಚಿಗಳು ಆಸ್ತಿಯ ವ್ಯಾಖ್ಯೆಯಲ್ಲಿ ಬರುತ್ತವೆಯೇ ಎಂದು ಬರೆಯಲು ಮಾತ್ರ ಮರೆತರು.

ಇನ್ನೂ ಒಂದು ಎಡವಟ್ಟಾಗಿದೆ. ಕನ್ನಡದಲ್ಲಿ ಅಕ್ಕತಂಗಿಯರ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಕಾನೂನು ರದ್ದು ಮಾಡಿದ್ದು ಮೊದಲನೇ ಅಳಿಯನನ್ನು. ಎರಡನೆಯವನ ಸುದ್ದಿಗೇ ಹೋಗಲಿಲ್ಲ. 2021ರಲ್ಲಿ ಪಿಣರಾಯಿ ವಿಜಯನ್ ಎರಡನೇ ಸಲ ಮುಖ್ಯಮಂತ್ರಿಯಾದಾಗ, ಬೇಪೂರಿನಿಂದ ಗೆದ್ದ ಅವರ ಅಳಿಯ ಮಹಮ್ಮದ್ ರಿಯಾಸ್ ಅದೇ ಸಂಪುಟದಲ್ಲಿ ಲೋಕೋಪಯೋಗಿ ಮಂತ್ರಿಯಾದರು. ರಿಯಾಸ್ ಮದುವೆಗೆ ಮೊದಲೇ ಯುವ ಸಂಘಟನೆಯ ರಾಷ್ಟ್ರೀಯ ಅಧ್ಯಕ್ಷರಾಗಿದ್ದವರು, ಸುಮ್ನೆ ಬಂದವರಲ್ಲ. ಅದನ್ನು ಹೇಳದಿದ್ದರೆ ನನ್ನ ಗೆಳೆಯರು ಚಾ ಅಂಗಡಿಯಲ್ಲಿ ಜಾಗ ಕೊಡಲಿಕ್ಕಿಲ್ಲ. ಆದರೆ ಆ ಸಲ ಪಕ್ಷದ ನಿಯಮ ಏನಿತ್ತು? ಮುಖ್ಯಮಂತ್ರಿ ಒಬ್ಬರನ್ನು ಬಿಟ್ಟು ಪಕ್ಷದ ಮಂತ್ರಿಗಳೆಲ್ಲ ಹಿಂದಿನ ಸಂಪುಟದಲ್ಲಿ ಇಲ್ಲದ ಹೊಸ ಮುಖಗಳು. ಕೋವಿಡ್ ಕಾಲದಲ್ಲಿ ಆರೋಗ್ಯ ಮಂತ್ರಿಯಾಗಿ ಹೆಸರು ಮಾಡಿದ, 60,963 ಓಟುಗಳಿಂದ ಗೆದ್ದ ಶೈಲಜಾ ಟೀಚರ್ ಹಳೇ ಮುಖ ಎಂದು ಹೊರಗುಳಿದರು. ಅಳಿಯ ಹೊಸ ಮುಖ. ಮಾವನಿಗೂ ಆ ಮುಖ ಹೊಸತಾ ಅಂತ ಕೇಳಬಾರದು.

ಲೋಕೋಪಯೋಗಿ ಇಲಾಖೆಗೂ ನೆಂಟಸ್ತಿಕೆಗೂ ಏನೋ ಒಂದು ಉಂಟು. 2018ರಲ್ಲಿ ಬೆಂಗಳೂರಿನಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾದಾಗ ಆ ಇಲಾಖೆ ಹೋದದ್ದು ಅಣ್ಣ ರೇವಣ್ಣನವರಿಗೆ. ಅಲ್ಲಿ ಅಣ್ಣ, ಇಲ್ಲಿ ಅಳಿಯ. ನಡುವೆ ಇರುವ ನಮ್ಮ ಗಡಿನಾಡಿನ ರಸ್ತೆ ಹೊಂಡಗಳಿಗೆ ಮಾತ್ರ ಎರಡೂ ಕಡೆ ಹೇಳಿಕೊಳ್ಳಲು ಒಬ್ಬ ನೆಂಟ ಇಲ್ಲ.

ಆಸ್ತಿ ಯಾವಾಗಲೂ ಮೇಲಿನಿಂದ ಕೆಳಗೇ ಇಳಿಯಬೇಕು ಎಂದೇನೂ ಇಲ್ಲ. ಕೊಟ್ಟಾರಕ್ಕರದ ಬಾಲಕೃಷ್ಣ ಪಿಳ್ಳೆ, ಪತ್ತನಾಪುರದ ಅವರ ಮಗ ಗಣೇಶ್ ಕುಮಾರ್ ಇಬ್ಬರೂ 2001ರಲ್ಲಿ ಗೆದ್ದರು. ಮೊದಲು ಮಗ ಸಾರಿಗೆ ಮಂತ್ರಿ. 2003ರಲ್ಲಿ ಮಗ ರಾಜೀನಾಮೆ ಕೊಟ್ಟು ಅಪ್ಪನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಮಗನಿಂದ ಅಪ್ಪನಿಗೆ ಹೋಗುವ ಆಸ್ತಿ! ಮುಂದಿನ ಒಂದು ಸರಕಾರದಲ್ಲಿ ಮಗ ಮತ್ತೆ ಮಂತ್ರಿಯಾದಾಗ ಅದೇ ಅಪ್ಪ, ನನ್ನ ಮಗನನ್ನು ಸಂಪುಟದಿಂದ ತೆಗೆಯಿರಿ ಎಂದು ಪಟ್ಟು ಹಿಡಿದರು. 2023ರ ಕೊನೆಗೆ ಸಾರಿಗೆ ಪುನಃ ಮಗನ ಕೈಗೆ ಬಂತು. ಕೇರಳದ ಸರಕಾರಿ ಬಸ್ಸು ಹಿಂದೆ ಮುಂದೆ ಹೋಗುವುದು ಯಾಕೆ ಎಂದು ನನಗೀಗ ಅರ್ಥವಾಗಿದೆ.

ಗಂಡ ಹೆಂಡತಿಯ ಕಥೆ ಇನ್ನೂ ಹಳೆಯದು. ಕೇರಳದ 1957ರ ಮೊದಲ ಸಂಪುಟದಲ್ಲೇ ಟಿ.ವಿ. ಥಾಮಸ್ ಮತ್ತು ಗೌರಿಯಮ್ಮ ಮಂತ್ರಿಗಳಾಗಿದ್ದರು. ಮಂತ್ರಿಗಳಾದ ಮೇಲೆ ಮದುವೆಯಾದರು. 1964ರಲ್ಲಿ ಅವರ ಕಮ್ಯುನಿಸ್ಟ್ ಪಕ್ಷ ಒಡೆಯಿತು. ಗಂಡ ಒಂದು ಹೋಳಿನಲ್ಲಿ, ಹೆಂಡತಿ ಇನ್ನೊಂದರಲ್ಲಿ. 1967ರಲ್ಲಿ ಇಬ್ಬರೂ ಬೇರೆ ಬೇರೆ ಪಕ್ಷದಿಂದ ಪುನಃ ಒಂದೇ ಸಂಪುಟ. ಇವರನ್ನು ನಾನು ಈ ಗುಂಪಿಗೆ ಸೇರಿಸುವುದಿಲ್ಲ. ಸಂಬಂಧದಿಂದ ಕುರ್ಚಿ ಬಂದವರು ಬೇರೆ, ಕುರ್ಚಿಯಿಂದ ಸಂಬಂಧ ಕೆಟ್ಟವರು ಬೇರೆ.

ಮಾವ ರಾತ್ರಿ ನೋಡುವುದು ಬೆಂಗಳೂರಿನ ಚಾನೆಲ್. ನಮಗೆ ಓಟು ಅಲ್ಲಿಲ್ಲ, ಆದರೂ ಚಿಂತೆ ಪೂರ್ತಿ ಅಲ್ಲಿಯದ್ದೇ. 2023ರ ಫಲಿತಾಂಶದ ದಿನ ಪೆನ್ಸಿಲು ಹಿಡಿದು ಕುಳಿತಿದ್ದರು. ದಾವಣಗೆರೆ ದಕ್ಷಿಣ ಶಾಮನೂರು ಶಿವಶಂಕರಪ್ಪನವರಿಗೆ, ಉತ್ತರ ಮಗ ಮಲ್ಲಿಕಾರ್ಜುನರಿಗೆ. "ನಾವು ಪಾಲುಪಟ್ಟಿಯಲ್ಲಿ ಬಾವಿ ಯಾರಿಗೆ ಅಂತ ಕೋರ್ಟಿಗೆ ಹೋಗುವುದು. ಅವರು ನೋಡು, ತೆಂಕುತಿಟ್ಟು ಅಪ್ಪನಿಗೆ, ಬಡಗುತಿಟ್ಟು ಮಗನಿಗೆ. ಜಗಳ ಇಲ್ಲ, ಎಂತ ಇಲ್ಲ." ವಿಜಯನಗರದಲ್ಲಿ ಕೃಷ್ಣಪ್ಪ, ಗೋವಿಂದರಾಜನಗರದಲ್ಲಿ ಮಗ ಪ್ರಿಯಕೃಷ್ಣ. ಚಾಮುಂಡೇಶ್ವರಿ ಅಪ್ಪ ಜಿ.ಟಿ. ದೇವೇಗೌಡರಿಗೆ, ಹುಣಸೂರು ಮಗನಿಗೆ. ದೇವನಹಳ್ಳಿಯಲ್ಲಿ ಮುನಿಯಪ್ಪ, ಕೆಜಿಎಫ್‌ನಲ್ಲಿ ಮಗಳು ರೂಪಕಲಾ. ಜಾರಕಿಹೊಳಿಯವರ ಹತ್ತಿರ ಬರುವಾಗ ಮಾವನ ಚಾರ್ಟ್ ಪೇಪರು ಮುಗಿಯಿತು. ರಮೇಶ, ಬಾಲಚಂದ್ರ ಬಿಜೆಪಿ. ಸತೀಶ ಕಾಂಗ್ರೆಸ್. ಲಖನ್ ಮೇಲ್ಮನೆಯಲ್ಲಿ ಪಕ್ಷೇತರ. ಆಡಳಿತ, ವಿರೋಧ, ತಟಸ್ಥ ಮೂರೂ ಒಂದೇ ಮನೆಯ ಮಕ್ಕಳು. ಸೊರಬದವರಿಗಂತೂ ತಲೆಬಿಸಿಯೇ ಇಲ್ಲ. 2018ರಲ್ಲಿ ಕುಮಾರ್ ಗೆದ್ದರು, 2023ರಲ್ಲಿ ಮಧು. ಯಾರಿಗೆ ಒತ್ತಿದರೂ ಬಂಗಾರಪ್ಪನವರ ಮನೆಗೇ ಹೋಗುವ ಮಿಷನ್ನು.

ಇಷ್ಟೆಲ್ಲ ನೋಡಿ ನಮ್ಮ ಮಂಜೇಶ್ವರವನ್ನು ನೋಡಿದರೆ ನಾಚಿಕೆಯಾಗುತ್ತದೆ. 1957ರಲ್ಲಿ ಉಮೇಶ್ ರಾವ್ ಅವಿರೋಧವಾಗಿ ಗೆದ್ದರು. ಎದುರಿಗೆ ಒಬ್ಬರೂ ಇಲ್ಲದ ಅಂಥ ಸೀಟನ್ನು ಹಾಗೇ ಮನೆಯೊಳಗೆ ಇಟ್ಟುಕೊಳ್ಳಬಹುದಿತ್ತಲ್ವಾ? ಇಲ್ಲ. ಆಮೇಲೆ ಮಹಾಬಲ ಭಂಡಾರಿ, ರಾಮಪ್ಪ, ಸುಬ್ಬರಾವ್, ಚೆರ್ಕಳಂ ಅಬ್ದುಲ್ಲ, ಕುಂಞಂಬು. ಒಬ್ಬರಿಗೊಬ್ಬರು ಅಪ್ಪನೂ ಅಲ್ಲ, ಮಗನೂ ಅಲ್ಲ. 2016ರಲ್ಲಿ ಅಬ್ದುಲ್ ರಜಾಕ್ ಗೆದ್ದದ್ದು 89 ಓಟಿಗೆ, 2021ರಲ್ಲಿ ಅಶ್ರಫ್ ಗೆದ್ದದ್ದು 745ಕ್ಕೆ. ಇಷ್ಟು ಸಣ್ಣ ಅಂತರವನ್ನು ಮಕ್ಕಳಿಗೆ ಪಾಲು ಮಾಡಿ ಕೊಡುವುದಾದರೂ ಹೇಗೆ? ಕಾಸರಗೋಡು ಹಿಂದುಳಿದ ಜಿಲ್ಲೆ ಎಂದು ಎಲ್ಲರೂ ಹೇಳುವುದು ಸುಮ್ನೆ ಅಲ್ಲ.

ಪಂಚಾಯತಿನಲ್ಲಿ ಮಾತ್ರ ನಾವು ಸ್ವಲ್ಪ ಮುಂದೆ ಬಂದಿದ್ದೇವೆ. 2010ರಿಂದ ಅರ್ಧ ಸೀಟು ಹೆಂಗಸರಿಗೆ. ವಾರ್ಡು ಮಹಿಳಾ ಮೀಸಲು ಎಂದು ಬಂದ ಕೂಡಲೇ ಹಳೇ ಮೆಂಬರ್ ಮನೆಗೆ ಹೋಗಿ ಹೆಂಡತಿಯ ಫೋಟೋ ಹುಡುಕುತ್ತಾರೆ. ಗೆದ್ದ ಮೇಲೆ ಮೆಂಬರಿಗೆ ಫೋನ್ ಮಾಡಿದರೆ ಎತ್ತುವುದು ಗಂಡ. ಎಲ್ಲರೂ ಹೀಗಲ್ಲ, ಕೆಲವು ಹೆಂಗಸರು ಗಂಡನ ಫೋನನ್ನೂ ತಾವೇ ಎತ್ತುವಷ್ಟು ಗಟ್ಟಿ ಇದ್ದಾರೆ.

ಅಂದಹಾಗೆ, ಆ 1975ರ ಕಾಯ್ದೆಯ ಕಲಮು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ಕೇಂದ್ರ ತಿದ್ದುಪಡಿಗೆ ಹೊಂದುವುದಿಲ್ಲ, ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕೇರಳ ಹೈಕೋರ್ಟ್ 2025ರಲ್ಲಿ ಹೇಳಿತು. ಮಾವನಿಗೆ ಓದಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡು ಕೇಳಿದರು: "ಸಮಪಾಲು ಅಂದ್ರೆ ವಿಧಾನಸಭೆಯ 140ರಲ್ಲಿ 70 ಅಲ್ವಾ? 2021ರಲ್ಲಿ ಹೆಂಗಸರು ಗೆದ್ದದ್ದು ಎಷ್ಟು?" ಹನ್ನೊಂದು ಎಂದೆ. "ಉಳಿದದ್ದು ಪೋಕುವರವಿಗೆ ಬಾಕಿ ಇರಬೇಕು" ಎಂದು ಪೆನ್ಸಿಲು ಚೂಪು ಮಾಡತೊಡಗಿದರು.

ನನ್ನದು ಮೊನ್ನೆ ಆಯಿತು. ತೆರಿಗೆ ರಶೀದಿಯೂ ಬಂತು. ಆದರೆ ಕನ್ನಡದಿಂದ ಮಲಯಾಳಕ್ಕೆ ದಾಟುವಾಗ ಅಪ್ಪನ ಹೆಸರು ಎಲ್ಲೋ ಕಾಲು ಜಾರಿ ಬೇರೆ ಯಾರದ್ದೋ ಆಗಿದೆ. ಸರಿ ಮಾಡಲು ಹೊಸ ಅರ್ಜಿ ಕೊಡಬೇಕಂತೆ, ಪುನಃ ಇಬ್ಬರು ನೆರೆಕರೆಯವರು ಬೇಕಂತೆ. ನಾನಿನ್ನೂ ಕೊಟ್ಟಿಲ್ಲ. ಆ ಹೆಸರಿನ ಎಂಎಲ್‌ಎ ಯಾರಾದರೂ ಇದ್ದಾರಾ ಅಂತ ಹುಡುಕುತ್ತಿದ್ದೇನೆ.